‘ಅಷ್ಟೊತ್ತಿಗಾಗಲೇ’ ಎಂದರೆ ‘ಹ್ಯಾಡ್’: ಕುಂದಾಪುರದ ಕಿವಿಗೆ ಇಂಗ್ಲಿಷಿನ ಪಾಸ್ಟ್ ಪರ್ಫೆಕ್ಟ್

“ಐ ಹ್ಯಾಡ್ ಗಾನ್ ಟು ಉಡುಪಿ ಯೆಸ್ಟರ್‌ಡೇ.” ಶಿರೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಕಿವಿಗೊಟ್ಟರೂ ಈ ಬಗೆಯ ವಾಕ್ಯ ಸಿಗುತ್ತದೆ. ಶಾಲೆಗೆ ಕೊಡುವ ರಜಾ ಅರ್ಜಿಯಲ್ಲಿ, ಬ್ಯಾಂಕಿಗೆ ಬರೆಯುವ ಪತ್ರದಲ್ಲಿ, ಮುಂಬೈಗೋ ದುಬೈಗೋ ಹೊರಟ ಹುಡುಗರ ಸಂದರ್ಶನದಲ್ಲಿ, ಪದವಿ ಮುಗಿಸಿದವರ ವಾಟ್ಸ್ಯಾಪ್ ಸಂದೇಶದಲ್ಲಿ ಅದು ಇದ್ದೇ ಇರುತ್ತದೆ. ಹೇಳಿದವರಿಗೆ ಅದರಲ್ಲಿ ಕೊರತೆ ಕಾಣುವುದಿಲ್ಲ. ಇಂಗ್ಲಿಷನ್ನು ಮನೆಮಾತಾಗಿ ಆಡುವವರು ಮಾತ್ರ ಆ ವಾಕ್ಯ ಇನ್ನೂ ಮುಗಿದಿಲ್ಲವೆಂದು ಕಾಯುತ್ತಾರೆ. ಉಡುಪಿಗೆ ಹೋಗಿದ್ದಿರಿ, ಸರಿ, ಆಮೇಲೆ ಯಾವುದೋ ಒಂದು ಸಂಗತಿ ನಡೆದಿರಬೇಕಲ್ಲ, ಅದೇನು? ಆ ಎರಡನೆಯ ಸಂಗತಿ ಬರುವುದೇ ಇಲ್ಲ. ನಿನ್ನೆ ಉಡುಪಿಗೆ ಹೋದದ್ದಷ್ಟನ್ನೇ ಹೇಳಬೇಕಿದ್ದರೆ “ಐ ವೆಂಟ್ ಟು ಉಡುಪಿ ಯೆಸ್ಟರ್‌ಡೇ” ಸಾಕು.

ಇದು ದಡ್ಡತನದಿಂದ ಬಂದ ತಪ್ಪಲ್ಲ. ಕನ್ನಡ ಚೆನ್ನಾಗಿ ಬರುವವರೇ ಹೆಚ್ಚಾಗಿ ಮಾಡುವ ತಪ್ಪು ಇದು. ‘ಉಡುಪಿಗೆ ಹೋದೆ’ ಎಂದರೆ ನಮ್ಮ ಕಿವಿಗೆ ಕಥೆ ಶುರುವಾದಂತೆ ಕೇಳುತ್ತದೆ. ಹೋದೆ, ಮಠಕ್ಕೆ ಹೋಗಿ ಕೈಮುಗಿದೆ, ರಥಬೀದಿಯಲ್ಲಿ ಕಾಫಿ ಕುಡಿದೆ ಎಂದು ಮುಂದುವರಿಯಬೇಕು. ‘ಉಡುಪಿಗೆ ಹೋಗಿದ್ದೆ’ ಎಂದರೆ ಹೋದದ್ದೂ ಆಯಿತು, ಬಂದದ್ದೂ ಆಯಿತು, ಈಗ ಇಲ್ಲಿದ್ದೇನೆ. ಮಾತು ಅಲ್ಲಿಗೇ ಪೂರ್ತಿ. ನಿನ್ನೆ ಯಾಕೆ ಕಾಣಲಿಲ್ಲ ಎಂದು ಕೇಳಿದವರಿಗೆ ಕನ್ನಡದಲ್ಲಿ ‘ಹೋಗಿದ್ದೆ’ ಎಂಬುದೇ ಸಹಜ ಉತ್ತರ. ಬ್ರಹ್ಮಾವರದ ಕಡೆ ತುಳು ಮನೆಗಳಲ್ಲಿ ‘ಯಾನ್ ಕೋಡೆ ಉಡುಪಿಗ್ ಪೋದಿತ್ತೆ’ ಎನ್ನುವುದೂ ಇದೇ ಬಗೆ. ಕನ್ನಡದ ‘ಇದ್ದೆ’, ತುಳುವಿನ ‘ಇತ್ತೆ’ ಎರಡೂ ಒಂಟಿಯಾಗಿ ನಿಲ್ಲಬಲ್ಲವು. ಇಂಗ್ಲಿಷಿನ ‘ಹ್ಯಾಡ್’ ಹಾಗೆ ಒಂಟಿಯಾಗಿ ನಿಲ್ಲದು. ಭೂತಕಾಲದಲ್ಲಿ ಇನ್ನೊಂದು ಗಳಿಗೆ ಎದುರಿಗೆ ಇದ್ದರೆ ಮಾತ್ರ ಅದಕ್ಕೆ ಕೆಲಸ.

ಕುಂದಾಪುರ ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ಪಠ್ಯಪುಸ್ತಕದಲ್ಲಿ ‘ಇತ್ತು’ ಎಂದರೆ ಹಿಂದೆ ಇದ್ದದ್ದು. ನಮ್ಮ ಮನೆಗಳಲ್ಲಿ ‘ಇತ್ತ್’ ಎಂದರೆ ಈಗ ಇರುವುದು. ‘ಪುರ್ಸೊತ್ತ್ ಇತ್ತಾ?’ ಎಂದು ಕೇಳಿದವರು ಈ ಹೊತ್ತಿನ ಬಿಡುವನ್ನು ಕೇಳುತ್ತಿದ್ದಾರೆ. ‘ಬಸ್ ಬಂದಿತ್ತ್’ ಎಂದರೆ ಬಸ್ಸು ಬಂದು ನಿಂತಿದೆ, ಬೇಗ ಹೊರಡು ಎಂದರ್ಥ. ಹಳೆಯದನ್ನು ಹೇಳುವಾಗ ‘ಅಲ್ಲೊಂದ್ ಅಂಗ್ಡಿ ಇದ್ದಿತ್ತ್’ ಎನ್ನುತ್ತೇವೆ. ಶಾಲೆಯಲ್ಲಿ ‘ಬಂದಿತ್ತು ಎಂದರೆ ಹ್ಯಾಡ್ ಕಮ್’ ಎಂದು ಕಲಿತ ಮಗು, ಮನೆಯ ‘ಬಂದಿತ್ತ್’ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷ್ ಬರೆದರೆ ‘ಹ್ಯಾಸ್ ಕಮ್’ ಇರಬೇಕಾದ ಕಡೆ ‘ಹ್ಯಾಡ್ ಕಮ್’ ಬರುವುದು ಸಹಜವೇ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬರೆದ ವ್ಯಾಕರಣದ ಪುಸ್ತಕ ಈ ತೊಡಕನ್ನು ಹೇಳುವುದಿಲ್ಲ. ಹೇಳಬೇಕಾದವರು ಇಲ್ಲಿನ ಶಿಕ್ಷಕರೇ. ಹಾಗೆಂದು ಮನೆಯ ಮಾತನ್ನು ಬಿಡಬೇಕೆಂದಲ್ಲ. ಮನೆಯ ‘ಇತ್ತ್’ ಎಲ್ಲಿ ನಿಲ್ಲುತ್ತದೆ, ಪುಸ್ತಕದ ‘ಇತ್ತು’ ಎಲ್ಲಿ ನಿಲ್ಲುತ್ತದೆ ಎಂದು ಮಗುವಿಗೆ ಒಮ್ಮೆ ಬಿಡಿಸಿ ತೋರಿಸಿದರೆ ಸಾಕು. ಬಾಸೆಲ್ ಮಿಷನ್ನಿನ ಬ್ರಿಗೆಲ್ 1872ರಲ್ಲಿ ತುಳುವಿಗೆ, ಕಿಟೆಲ್ 1903ರಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದಾಗ ನಮ್ಮ ಕ್ರಿಯಾಪದಗಳನ್ನು ಹೀಗೇ ಒಂದೊಂದಾಗಿ ಬಿಡಿಸಿ ಇಟ್ಟರು. ಅವರು ಆ ದಡದಿಂದ ಈ ದಡಕ್ಕೆ ಪಟ್ಟ ಶ್ರಮವನ್ನು ನಾವು ಈ ದಡದಿಂದ ಆ ದಡಕ್ಕೆ ಪಡಬೇಕಾಗಿದೆ.

ಈಗ ನೇರವಾಗಿ ಉಪಾಯಕ್ಕೆ ಬರೋಣ. ಬರೆಯಲಿರುವ ವಾಕ್ಯವನ್ನು ಮೊದಲು ಕನ್ನಡದಲ್ಲಿ ಮನಸ್ಸಿನೊಳಗೆ ಹೇಳಿಕೊಳ್ಳಿ. ಅದರೊಳಗೆ ‘ಅಷ್ಟೊತ್ತಿಗಾಗಲೇ’ ಎಂಬ ಮಾತನ್ನು ಸೇರಿಸಿ ನೋಡಿ. ಅರ್ಥ ಕೆಡದೆ ಕೂತರೆ ‘ಹ್ಯಾಡ್’ ಬಳಸಿ. ಅದರ ಬದಲು ‘ಈಗಾಗಲೇ’ ಕೂತರೆ ‘ಹ್ಯಾವ್’ ಅಥವಾ ‘ಹ್ಯಾಸ್’. ಎರಡೂ ಕೂರದೆ ‘ನಿನ್ನೆ’, ‘ಹೋದ ವರ್ಷ’, ‘2019ರಲ್ಲಿ’ ಎಂಬಂಥ ಒಂದು ಹೊತ್ತು ಮಾತ್ರ ಇದ್ದರೆ ಸಾದಾ ಭೂತಕಾಲ ಸಾಕು, ಅಂದರೆ ವೆಂಟ್, ಕೇಮ್, ಸಾ, ಪೇಯ್ಡ್. ಕುಂದಾಪುರ ಕನ್ನಡದವರು ‘ನಾನ್ ಹೋಪತಿಗೆ’, ‘ಅವ್ರ್ ಬಪ್ಪತಿಗೆ’ ಎಂದು ಮಾತು ತೆಗೆಯುತ್ತೀರಲ್ಲ, ಆ ‘ಹೋಪತಿಗೆ’ಯ ಮುಂದೆ ‘ಆಗ್ಲೇ’ ಸೇರಿಸಿದರೆ ಅದೇ ಪರೀಕ್ಷೆ.

ನಿನ್ನೆ ಉಡುಪಿಗೆ ಹೋಗಿದ್ದೆ ಎಂಬುದನ್ನೇ ಪರೀಕ್ಷಿಸಿ. ‘ನಿನ್ನೆ ಅಷ್ಟೊತ್ತಿಗಾಗಲೇ ಉಡುಪಿಗೆ ಹೋಗಿದ್ದೆ’ ಎಂದರೆ ಯಾವಷ್ಟೊತ್ತಿಗೆ ಎಂಬ ಪ್ರಶ್ನೆ ಹುಟ್ಟುತ್ತದೆ. ಉತ್ತರವಿಲ್ಲ, ಆದ್ದರಿಂದ ‘ವೆಂಟ್’. ಈಗ ಇದನ್ನು ನೋಡಿ: ‘ನಾನು ಕುಂದಾಪುರ ಸ್ಟೇಷನ್ ಮುಟ್ಟುವಾಗ ಮತ್ಸ್ಯಗಂಧ ಹೋಗಿತ್ತು.’ ‘ಮುಟ್ಟುವಷ್ಟೊತ್ತಿಗಾಗಲೇ ಹೋಗಿತ್ತು’ ಎಂದರೂ ಅರ್ಥ ಅದೇ. ಹಾಗಾಗಿ “ವೆನ್ ಐ ರೀಚ್ಡ್ ಕುಂದಾಪುರ ಸ್ಟೇಷನ್, ದ ಮತ್ಸ್ಯಗಂಧ ಹ್ಯಾಡ್ ಲೆಫ್ಟ್.” ಇಲ್ಲಿ ಎರಡು ಸಂಗತಿ, ಎರಡೂ ಮುಗಿದವು. ಮುಂಚೆ ನಡೆದದ್ದಕ್ಕೆ ‘ಹ್ಯಾಡ್’, ಆಮೇಲೆ ನಡೆದದ್ದಕ್ಕೆ ಸಾದಾ ರೂಪ. ಎರಡಕ್ಕೂ ‘ಹ್ಯಾಡ್’ ಹಾಕಿ “ವೆನ್ ಐ ಹ್ಯಾಡ್ ರೀಚ್ಡ್, ದ ಟ್ರೇನ್ ಹ್ಯಾಡ್ ಲೆಫ್ಟ್” ಎಂದು ಬರೆಯುವವರಿದ್ದಾರೆ. ಎರಡಕ್ಕೂ ಹಾಕಿದರೆ ಯಾವುದು ಮುಂಚೆ ಎಂದು ತೋರಿಸುವ ಗುರುತೇ ಅಳಿದುಹೋಗುತ್ತದೆ.

ರೂಪದ ವಿಚಾರ ಸುಲಭ, ಬೇಗ ಮುಗಿಸೋಣ. ಹ್ಯಾಡ್ ಮತ್ತು ಕ್ರಿಯಾಪದದ ಮೂರನೆಯ ರೂಪ, ಅಷ್ಟೇ. ಐ, ಯೂ, ಹಿ, ಶಿ, ದೇ ಯಾರೇ ಇರಲಿ, ಹ್ಯಾಡ್ ಬದಲಾಗುವುದಿಲ್ಲ. ಇಲ್ಲ ಎನ್ನುವುದಕ್ಕೆ ‘ಹ್ಯಾಡ್ ನಾಟ್’, ಕೇಳುವುದಕ್ಕೆ ಹ್ಯಾಡ್ ಮುಂದಕ್ಕೆ ಬರುತ್ತದೆ: “ಹ್ಯಾಡ್ ದ ಬಸ್ ಲೆಫ್ಟ್?” ಎಡವುವುದು ಮೂರನೆಯ ರೂಪದಲ್ಲಿ. ‘ಹ್ಯಾಡ್ ವೆಂಟ್’, ‘ಹ್ಯಾಡ್ ಸಾ’, ‘ಹ್ಯಾಡ್ ಕೇಮ್’, ‘ಹ್ಯಾಡ್ ಏಟ್’ ಇವೆಲ್ಲ ತಪ್ಪು. ಗಾನ್, ಸೀನ್, ಕಮ್, ಈಟನ್ ಎಂದಿರಬೇಕು. ‘ಹ್ಯಾಡ್ ಹ್ಯಾಡ್’ ಎಂದು ಎರಡು ಸಲ ಬಂದರೆ ಅಚ್ಚಿನ ತಪ್ಪೆಂದು ತಿದ್ದಬೇಡಿ. “ದೇ ಹ್ಯಾಡ್ ಹ್ಯಾಡ್ ಲಂಚ್ ವೆನ್ ವಿ ರೀಚ್ಡ್” ಎಂದರೆ ನಾವು ಹೋಗುವಾಗ ಅವರ ಊಟ ಆಗಿತ್ತು. ಮೊದಲನೆಯ ಹ್ಯಾಡ್ ಸಹಾಯಕ, ಎರಡನೆಯದು ಉಣ್ಣುವುದು. ಮಾತಿನಲ್ಲಿ ‘ಐ ಹ್ಯಾಡ್’ ಎಂಬುದು ಬರೀ ‘ಐಡ್’ ಎಂದು ಕೇಳಿಸುತ್ತದೆ, ‘ಐ ವುಡ್’ ಎಂಬುದೂ ‘ಐಡ್’ ಎಂದೇ ಕೇಳಿಸುತ್ತದೆ. ಮುಂದೆ ಬಂದದ್ದು ಗಾನ್, ಸೀನ್ ಎಂಬಂಥ ಮೂರನೆಯ ರೂಪವಾದರೆ ಅದು ಹ್ಯಾಡ್. ಗೋ, ಸೀ ಎಂಬ ಮೊದಲ ರೂಪವಾದರೆ ವುಡ್.

ನಿಜವಾದ ವಿಷಯ ಇರುವುದು ಕಥೆಯ ಕ್ರಮದಲ್ಲಿ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿಕೊಂಡು ಹೋದರೆ ಹ್ಯಾಡ್ ಬೇಕಾಗುವುದೇ ಇಲ್ಲ. ಹಿಂದಕ್ಕೆ ತಿರುಗಿ ನೋಡಿದಾಗ ಮಾತ್ರ ಬೇಕು. ನಮ್ಮ ಊರಿನ ಇಬ್ಬರು ದೊಡ್ಡವರ ಬದುಕನ್ನೇ ಇಟ್ಟುಕೊಂಡು ನೋಡೋಣ. ಗೋಪಾಲಕೃಷ್ಣ ಅಡಿಗರು ಬೈಂದೂರಿನ ಕಡೆಯ ಮೊಗೇರಿಯವರು. ಕನ್ನಡದ ನವ್ಯಕಾವ್ಯ ಕಟ್ಟಿದ ಅವರು ಕಾಲೇಜುಗಳಲ್ಲಿ ಕಲಿಸಿದ್ದು ಇಂಗ್ಲಿಷ್. ಅವರು ಹುಟ್ಟಿದ್ದು 1918ರಲ್ಲಿ, ‘ಚಂಡೆಮದ್ದಳೆ’ ಬಂದದ್ದು 1954ರಲ್ಲಿ, ‘ವರ್ಧಮಾನ’ 1972ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1974ರಲ್ಲಿ. ಈ ಕ್ರಮದಲ್ಲೇ ಇಂಗ್ಲಿಷಿನಲ್ಲಿ ಪ್ಯಾರಾ ಬರೆಯಿರಿ: ವಾಸ್ ಬಾರ್ನ್, ಟಾಟ್, ಪಬ್ಲಿಷ್ಡ್, ವನ್. ಒಂದೇ ಒಂದು ಹ್ಯಾಡ್ ಇಲ್ಲ, ಇರಲೂಬಾರದು. ಈಗ ಪ್ಯಾರಾವನ್ನು 1974ರಿಂದ ಶುರುಮಾಡಿ: “ಅಡಿಗ ವನ್ ದ ಅಕಾಡೆಮಿ ಅವಾರ್ಡ್ ಇನ್ 1974. ಟ್ವೆಂಟಿ ಇಯರ್ಸ್ ಹ್ಯಾಡ್ ಪಾಸ್ಡ್ ಸಿನ್ಸ್ ಚಂಡೆಮದ್ದಳೆ.” ಪ್ರಶಸ್ತಿ ಬರುವಷ್ಟೊತ್ತಿಗೆ 20 ವರ್ಷ ಕಳೆದಿತ್ತು. 1974ರಲ್ಲಿ ನಿಂತು 1954ಕ್ಕೆ ತಿರುಗಿದ ಕೂಡಲೇ ಹ್ಯಾಡ್ ತಾನಾಗಿ ಬಂತು.

ಕೋಟದ ಶಿವರಾಮ ಕಾರಂತರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅವರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು. ಉಡುಪಿ ಜಿಲ್ಲೆಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡಿದ್ದು 1998ರ ಜನವರಿ 26ರಂದು. ಈ ಮೂರು ದಿನಾಂಕಗಳಿಂದಲೇ ಇಡೀ ಪಾಠ ಮಾಡಬಹುದು. “ವೆನ್ ಕಾರಂತ್ ಡೈಡ್, ಉಡುಪಿ ಹ್ಯಾಡ್ ಬಿಕಮ್ ಎ ಡಿಸ್ಟ್ರಿಕ್ಟ್.” ಅವರು ಹೋಗುವಷ್ಟೊತ್ತಿಗೆ ಉಡುಪಿ ಜಿಲ್ಲೆ ಆಗಿತ್ತು. “ದ ಹೋಲ್ ಲೈನ್ ಹ್ಯಾಡ್ ನಾಟ್ ಓಪನ್ಡ್ ವೆನ್ ಹಿ ಡೈಡ್.” ರೈಲು ದಾರಿ ಪೂರ್ತಿ ತೆರೆದಿರಲಿಲ್ಲ. ಬ್ರಹ್ಮಾವರ ತಾಲ್ಲೂಕು ಆಗಿನ್ನೂ ಆಗಿರಲಿಲ್ಲ: “ಬ್ರಹ್ಮಾವರ ಹ್ಯಾಡ್ ನಾಟ್ ಬಿಕಮ್ ಎ ತಾಲೂಕ್ ದೆನ್.” ಈಗ ನಿಲುವನ್ನು ಬದಲಿಸಿ, 1998ರ ಜನವರಿಗೆ ಬನ್ನಿ: “ವೆನ್ ದ ಲೈನ್ ಓಪನ್ಡ್, ಕಾರಂತ್ ಹ್ಯಾಡ್ ಡೈಡ್.” ಮೊದಲ ವಾಕ್ಯದಲ್ಲಿ ಸಾದಾ ರೂಪದಲ್ಲಿದ್ದ ‘ಡೈಡ್’ ಇಲ್ಲಿ ‘ಹ್ಯಾಡ್ ಡೈಡ್’ ಆಯಿತು. ಅದೇ ಸಾವು, ಅದೇ ದಿನಾಂಕ. ಬದಲಾದದ್ದು ನಾವು ನಿಂತು ನೋಡುವ ಜಾಗ ಮಾತ್ರ. ಹ್ಯಾಡ್ ಎಂಬುದು ಎಷ್ಟು ಹಳೆಯದು ಎಂಬುದನ್ನು ಹೇಳುವುದಿಲ್ಲ, ಯಾವುದಕ್ಕಿಂತ ಹಿಂದಿನದು ಎಂಬುದನ್ನು ಹೇಳುತ್ತದೆ. ಬಹಳ ಹಳೆಯ ಕಾಲದ ಮಾತೆಂದು ಹ್ಯಾಡ್ ಹಾಕುವ ಅಭ್ಯಾಸ ನಮ್ಮಲ್ಲಿದೆ. ಬಾರ್ಕೂರಿನ ಅರಸರ ಕಾಲದ ಸಂಗತಿಯಾದರೂ ಒಂಟಿಯಾಗಿ ಹೇಳುವಾಗ “ದೇ ರೂಲ್ಡ್” ಎಂದೇ ಬರೆಯಬೇಕು. ಇವತ್ತು ಬೆಳಿಗ್ಗೆ ಎಂಟು ಗಂಟೆಯ ಸಂಗತಿಯಾದರೂ ಒಂಬತ್ತು ಗಂಟೆಯ ಇನ್ನೊಂದಕ್ಕಿಂತ ಮುಂಚಿನದೆಂದು ತೋರಿಸಬೇಕಾದರೆ ಹ್ಯಾಡ್ ಬೇಕಾಗಬಹುದು.

ಬ್ಯಾಂಕಿಗೆ ಹೋಗುವವರಿಗೆಲ್ಲ ಗೊತ್ತಿರುವ ಇನ್ನೊಂದು ಉದಾಹರಣೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಮರುವರ್ಷ ಅದೇ ದಿನ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. “ವೆನ್ ಸಿಂಡಿಕೇಟ್ ಬ್ಯಾಂಕ್ ಮರ್ಜ್ಡ್ ವಿತ್ ಕೆನರಾ ಬ್ಯಾಂಕ್, ವಿಜಯಾ ಬ್ಯಾಂಕ್ ಹ್ಯಾಡ್ ಆಲ್ರೆಡಿ ಮರ್ಜ್ಡ್ ವಿತ್ ಬ್ಯಾಂಕ್ ಆಫ್ ಬರೋಡಾ.” ಈ ‘ಆಲ್ರೆಡಿ’ ನಮ್ಮ ‘ಅಷ್ಟೊತ್ತಿಗಾಗಲೇ’ಯ ‘ಆಗಲೇ’. ಕಾರ್ಪೊರೇಷನ್ ಬ್ಯಾಂಕಿನ ಹೆಸರು ಹೇಳಿ ಇದೇ ವಾಕ್ಯವನ್ನು ಸಿಂಡಿಕೇಟ್ ಬ್ಯಾಂಕಿನ ಜೊತೆ ಕಟ್ಟಲು ಬರುವುದಿಲ್ಲ, ಎರಡೂ ಒಂದೇ ದಿನ ನಡೆದವು. ಒಂದೇ ದಿನ ನಡೆದದ್ದಕ್ಕೆ ಹ್ಯಾಡ್ ಯಾಕೆ ಬೇಡ ಎಂದು ಮಕ್ಕಳೇ ಹೇಳಲಿ; ಹೇಳಿದರೆ ಪಾಠ ತಲೆಗೆ ಹೋಗಿದೆ ಎಂದರ್ಥ.

ಯಕ್ಷಗಾನ ನೋಡುವವರಿಗೆ ಈ ವ್ಯಾಕರಣ ಇನ್ನೂ ಹತ್ತಿರ. ಪ್ರಸಂಗ ನಡೆಯುವುದು ಮುಂದಕ್ಕೆ. ಆದರೆ ಅರ್ಥ ಹೇಳುವ ಕಲಾವಿದರು ರಂಗದ ಮೇಲೆ ನಿಂತು ಹಿಂದೆ ಆದದ್ದನ್ನು ತಿರುಗಿ ನೆನೆಯುತ್ತಾರೆ, ಆಗ ಆ ಪಾತ್ರದ ದುಃಖದ ಕಾರಣ ನಮಗೆ ತಿಳಿಯುತ್ತದೆ. ಅಭಿಮನ್ಯುವಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ: “ಅಭಿಮನ್ಯು ಎಂಟರ್ಡ್ ದ ಚಕ್ರವ್ಯೂಹ. ಹಿ ಹ್ಯಾಡ್ ಲರ್ನ್ಟ್ ಹೌ ಟು ಗೋ ಇನ್. ಹಿ ಹ್ಯಾಡ್ ನಾಟ್ ಲರ್ನ್ಟ್ ಹೌ ಟು ಕಮ್ ಔಟ್.” ನುಗ್ಗಿದ ಗಳಿಗೆಯಲ್ಲಿ ನಿಂತು ತಾಯಿಯ ಗರ್ಭದಲ್ಲಿದ್ದಾಗ ಕೇಳಿದ ಅರ್ಧ ಪಾಠಕ್ಕೆ ತಿರುಗಿದ್ದೇವೆ. ಎರಡನೆಯ, ಮೂರನೆಯ ವಾಕ್ಯಗಳಿಂದ ಹ್ಯಾಡ್ ತೆಗೆದರೆ ವ್ಯೂಹದೊಳಗೆ ಹೋದಮೇಲೆ ಕಲಿತ ಎಂಬ ಅರ್ಥ ಬಂದುಬಿಡುತ್ತದೆ, ಕಥೆಯೇ ಕೆಡುತ್ತದೆ. ಕರ್ಣನ ಕಥೆಯಲ್ಲೂ ಹಾಗೆ. “ಅರ್ಜುನ ಲರ್ನ್ಟ್ ದಟ್ ಹಿ ಹ್ಯಾಡ್ ಕಿಲ್ಡ್ ಹಿಸ್ ಓನ್ ಬ್ರದರ್.” ಅರ್ಜುನನಿಗೆ ತಿಳಿದದ್ದು ಆಮೇಲೆ, ಕೊಂದದ್ದು ಮೊದಲು. ಈ ಎರಡರ ನಡುವಿನ ಅಂತರವೇ ಅಲ್ಲಿಯ ಸಂಕಟ, ಆ ಅಂತರವನ್ನು ಇಂಗ್ಲಿಷಿನಲ್ಲಿ ಹೊರುವುದು ಹ್ಯಾಡ್ ಎಂಬ ಪುಟ್ಟ ಪದ. ನಾನು ಈ ಕಾಲರೂಪವನ್ನು ಪರೀಕ್ಷೆಯ ಅಂಕಕ್ಕಿಂತ ದೊಡ್ಡದೆಂದು ತಿಳಿಯುವುದು ಇದಕ್ಕಾಗಿ.

ಇಲ್ಲಿ ‘ವೆನ್’ ಮತ್ತು ‘ಬಿಫೋರ್’ ಎಂಬೆರಡು ಪದಗಳ ವ್ಯತ್ಯಾಸ ಹೇಳಲೇಬೇಕು. ‘ಡಾಕ್ಟರ್ ಬರುವ ಮೊದಲೇ ರೋಗಿ ಸತ್ತಿದ್ದ’ ಎಂಬ ವಾಕ್ಯವನ್ನು ತಲೆಮಾರುಗಳಿಂದ ತರಗತಿಗಳಲ್ಲಿ ಇಂಗ್ಲಿಷಿಗೆ ತರಿಸುತ್ತಿದ್ದಾರೆ. ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಅದರಿಂದ ಮಕ್ಕಳು ಕಲಿಯುವುದು ‘ಬಿಫೋರ್ ಬಂದರೆ ಹ್ಯಾಡ್ ಹಾಕು’ ಎಂಬ ಯಾಂತ್ರಿಕ ನಿಯಮ. ನಿಜವಾಗಿ ಬಿಫೋರ್, ಆಫ್ಟರ್ ಇರುವಲ್ಲಿ ಯಾವುದು ಮೊದಲು ಎಂದು ಆ ಪದವೇ ಹೇಳಿಬಿಡುತ್ತದೆ, ಆದ್ದರಿಂದ “ದ ಬಸ್ ಲೆಫ್ಟ್ ಬಿಫೋರ್ ಐ ರೀಚ್ಡ್” ಎಂದರೂ ಸರಿ, “ಹ್ಯಾಡ್ ಲೆಫ್ಟ್” ಎಂದರೂ ಸರಿ. ಹ್ಯಾಡ್ ನಿಜವಾಗಿ ಅರ್ಥ ಬದಲಿಸುವುದು ‘ವೆನ್’ ಇರುವಲ್ಲಿ. “ವೆನ್ ವಿ ರೀಚ್ಡ್ ಕೋಟ, ದ ಆಟ ಬಿಗ್ಯಾನ್” ಎಂದರೆ ನಾವು ಮುಟ್ಟಿದೆವು, ಯಕ್ಷಗಾನದ ಆಟ ಶುರುವಾಯಿತು, ಏನೂ ತಪ್ಪಲಿಲ್ಲ. “ವೆನ್ ವಿ ರೀಚ್ಡ್ ಕೋಟ, ದ ಆಟ ಹ್ಯಾಡ್ ಬಿಗನ್” ಎಂದರೆ ಮುಟ್ಟುವಷ್ಟೊತ್ತಿಗೆ ಆಟ ಶುರುವಾಗಿತ್ತು, ಪೂರ್ವರಂಗ ತಪ್ಪಿತು. ಮಕ್ಕಳಿಗೆ ಈ ಜೋಡಿಯನ್ನು ಕೊಟ್ಟು, ಯಾವ ವಾಕ್ಯದವರಿಗೆ ಪೂರ್ವರಂಗ ಸಿಕ್ಕಿತು ಎಂದು ಕೇಳಿ. ನಿಯಮ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು. ‘ಬೈ ದ ಟೈಮ್’ ಎಂಬುದು ಬಂದರೆ ಮಾತ್ರ ಯೋಚಿಸಬೇಕಾದ್ದಿಲ್ಲ, ಅದು ‘ಅಷ್ಟೊತ್ತಿಗೆ’ಯ ನೇರ ಜೊತೆಗಾರ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. “ಬೈ ದ ಟೈಮ್ ದ ಬ್ಯಾನ್ ಎಂಡೆಡ್, ದ ಗಂಗೊಳ್ಳಿ ಮೆನ್ ಹ್ಯಾಡ್ ಮೆಂಡೆಡ್ ದೇರ್ ನೆಟ್ಸ್.” ಬಲೆ ಹೆಣೆಯುವ ಕೆಲಸ ಎಷ್ಟು ಕಾಲ ನಡೆದುಕೊಂಡೇ ಬಂದಿತ್ತು ಎಂದು ಹೇಳಬೇಕಿದ್ದರೆ ‘ಹ್ಯಾಡ್ ಬೀನ್ ಮೆಂಡಿಂಗ್’: “ದೇ ಹ್ಯಾಡ್ ಬೀನ್ ಮೆಂಡಿಂಗ್ ನೆಟ್ಸ್ ಫಾರ್ ಟು ಮಂತ್ಸ್ ವೆನ್ ದ ಬ್ಯಾನ್ ಎಂಡೆಡ್.” ಎಷ್ಟು ಕಾಲ ಎಂಬುದಕ್ಕೆ ಫಾರ್, ಯಾವಾಗಿನಿಂದ ಎಂಬುದಕ್ಕೆ ಸಿನ್ಸ್.

ಎಸ್ಸೆಸ್ಸೆಲ್ಸಿ, ಪಿಯುಸಿ ಪ್ರಶ್ನೆಪತ್ರಿಕೆಗಳಲ್ಲಿ ಹ್ಯಾಡ್‌ಗೆ ಹೆಚ್ಚು ಕೆಲಸ ಇರುವುದು ರಿಪೋರ್ಟೆಡ್ ಸ್ಪೀಚಿನಲ್ಲಿ. ನಮ್ಮ ಮಕ್ಕಳು ಅಲ್ಲಿ ಸೋಲುವುದಕ್ಕೂ ಭಾಷೆಯ ಕಾರಣವಿದೆ. ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ಹೇಳುವಾಗ ಕಾಲ ಬದಲಿಸುವುದಿಲ್ಲ. ‘ಬಸ್ಸು ತಪ್ಪಿತು ಅಂತ ಹೇಳಿದಳು’ ಎನ್ನುತ್ತೇವೆ, ಅವಳ ‘ತಪ್ಪಿತು’ ಹಾಗೆಯೇ ಉಳಿಯುತ್ತದೆ. ಕುಂದಾಪುರದಲ್ಲಿ ‘ಬಸ್ ತಪ್ಪಿತಂಬ್ರ್’ ಎಂದರೆ ಒಂದೇ ಪದದಲ್ಲಿ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ‘ಸೆಡ್’ ಎಂದ ಕೂಡಲೇ ಒಂದು ಭೂತಕಾಲ ಹುಟ್ಟುತ್ತದೆ. ಅವಳು ಹೇಳುವಷ್ಟೊತ್ತಿಗಾಗಲೇ ಬಸ್ಸು ತಪ್ಪಿತ್ತು, ಆದ್ದರಿಂದ “ಶಿ ಸೆಡ್ ದಟ್ ಶಿ ಹ್ಯಾಡ್ ಮಿಸ್ಡ್ ದ ಬಸ್.” ನೋಡಿ, ನಮ್ಮ ಪರೀಕ್ಷೆ ಇಲ್ಲೂ ನಡೆಯಿತು. ಅವಳು ಆಡಿದ ಮೂಲ ಮಾತು ‘ಐ ಮಿಸ್ಡ್’ ಆಗಿರಲಿ, ‘ಐ ಹ್ಯಾವ್ ಮಿಸ್ಡ್’ ಆಗಿರಲಿ, ಎರಡೂ ‘ಹ್ಯಾಡ್ ಮಿಸ್ಡ್’ ಆಗುತ್ತವೆ. ಮೂಲದಲ್ಲೇ ಹ್ಯಾಡ್ ಇದ್ದರೆ ಅದು ಹಾಗೆಯೇ ಇರುತ್ತದೆ, ಅದಕ್ಕಿಂತ ಹಿಂದಕ್ಕೆ ಹೋಗಲು ಇಂಗ್ಲಿಷಿನಲ್ಲಿ ಮೆಟ್ಟಿಲಿಲ್ಲ. ‘ಯೆಸ್ಟರ್‌ಡೇ’ ಎಂಬುದನ್ನು ‘ದ ಪ್ರೀವಿಯಸ್ ಡೇ’ ಮಾಡಲು ಮರೆಯಬೇಡಿ. ಆದರೆ ಮೂಲದಲ್ಲಿ “ಐ ಲಿವ್ ಇನ್ ಹೆಬ್ರಿ” ಎಂದಿದ್ದರೆ “ಹಿ ಸೆಡ್ ದಟ್ ಹಿ ಲಿವ್ಡ್ ಇನ್ ಹೆಬ್ರಿ” ಎಂದಷ್ಟೇ ಆಗಬೇಕು. ಅಲ್ಲಿ ‘ಹ್ಯಾಡ್ ಲಿವ್ಡ್’ ಎಂದು ಬರೆದರೆ ಅವರು ಹೆಬ್ರಿ ಬಿಟ್ಟು ಬಂದರೆಂದು ಅರ್ಥವಾಗುತ್ತದೆ. ರಿಪೋರ್ಟೆಡ್ ಸ್ಪೀಚ್ ಎಂದ ಮಾತ್ರಕ್ಕೆ ಎಲ್ಲ ಕ್ರಿಯಾಪದಕ್ಕೂ ಹ್ಯಾಡ್ ಅಂಟಿಸಬಾರದು.

ಒಂದು ಕಡೆ ಮಾತ್ರ ನಮ್ಮ ಕನ್ನಡ ನಮ್ಮನ್ನು ಸರಿಯಾದ ದಾರಿಗೇ ಒಯ್ಯುತ್ತದೆ, ಅಲ್ಲಿ ಅದನ್ನು ನಂಬಿ. ‘ನೀವು ಹೇಳಿದ್ದರೆ ನಾನು ಬರುತ್ತಿದ್ದೆ.’ ಹೇಳಲಿಲ್ಲ, ಬರಲಿಲ್ಲ. ನಡೆಯದೇ ಹೋದದ್ದನ್ನು ಕಲ್ಪಿಸಿ ಹೇಳುವಾಗ ಕನ್ನಡ ‘ಇದ್ದರೆ’ ಎನ್ನುತ್ತದೆ, ಇಂಗ್ಲಿಷ್ ಹ್ಯಾಡ್ ಎನ್ನುತ್ತದೆ: “ಇಫ್ ಯೂ ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್.” ‘ಹೇಳಿದ್ದರೆ’ ಎಂಬುದು ‘ಹ್ಯಾಡ್ ಟೋಲ್ಡ್’, ‘ಬರುತ್ತಿದ್ದೆ’ ಎಂಬುದು ‘ವುಡ್ ಹ್ಯಾವ್ ಕಮ್’. ಇಫ್ ಇರುವ ಭಾಗಕ್ಕೂ ವುಡ್ ಹಾಕಿ “ಇಫ್ ಯೂ ವುಡ್ ಹ್ಯಾವ್ ಟೋಲ್ಡ್” ಎನ್ನುವುದು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಪರೀಕ್ಷೆಯಲ್ಲೂ ಪತ್ರದಲ್ಲೂ ಹಾಗೆ ಬರೆಯಬೇಡಿ. ‘ಬರಬೇಕೆಂದು ಆಸೆಯಿತ್ತು, ಆಗಲಿಲ್ಲ’ ಎಂಬುದಕ್ಕೆ “ಐ ಹ್ಯಾಡ್ ಹೋಪ್ಡ್ ಟು ಕಮ್” ಎಂಬ ಸೊಗಸಾದ ಪ್ರಯೋಗ ಇದೆ. ಮದುವೆಗೆ ಹೋಗಲಾಗದವರು ಬರೆಯುವ ಕ್ಷಮಾಪಣೆಗೆ ಅದು ಒಪ್ಪುತ್ತದೆ.

ಈಗ ನಿತ್ಯದ ಕಾಗದಪತ್ರಕ್ಕೆ ಬರೋಣ, ಹೆಚ್ಚು ನಷ್ಟವಾಗುವುದು ಅಲ್ಲಿಯೇ. ಕೆಲಸದ ಅರ್ಜಿಯಲ್ಲಿ “ಐ ಹ್ಯಾಡ್ ಕಂಪ್ಲೀಟೆಡ್ ಮೈ ಬಿಕಾಂ” ಎಂದು ಬರೆದರೆ ಓದುವವರಿಗೆ ಏನೋ ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ. ಈಗಾಗಲೇ ಮುಗಿಸಿದ್ದೇನೆ ಎಂಬುದಕ್ಕೆ “ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ”, ವರ್ಷ ಹೇಳುವುದಾದರೆ “ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022.” ಎರಡನ್ನೂ ಬೆರೆಸಿ “ಐ ಹ್ಯಾವ್ ಕಂಪ್ಲೀಟೆಡ್ ಇನ್ 2022” ಎಂದೂ ಬರೆಯಬಾರದು, ವರ್ಷ ಬಂದರೆ ಸಾದಾ ರೂಪವೇ ಗತಿ. “ಐ ಹ್ಯಾಡ್ ಸೆಂಟ್ ದ ಡಾಕ್ಯುಮೆಂಟ್ಸ್, ಪ್ಲೀಸ್ ಚೆಕ್” ಎಂಬುದು ಕಚೇರಿಗಳಿಗೆ ಹೋಗುವ ಮೇಲ್‌ಗಳಲ್ಲಿ ಧಾರಾಳವಾಗಿ ಕಾಣುವ ಮಾತು. ಕಳಿಸಿದ ಕಾಗದ ಅಲ್ಲಿದೆ, ಈಗಲೇ ನೋಡಿ ಎಂಬುದು ನಿಮ್ಮ ಇಂಗಿತವಾದರೆ ‘ಐ ಹ್ಯಾವ್ ಸೆಂಟ್’ ಎನ್ನಿ. ವಿದ್ಯುತ್ ಬಿಲ್ಲನ್ನೋ ಸಾಲದ ಕಂತನ್ನೋ ಕಟ್ಟಿದ್ದೇನೆ ಎಂಬುದಕ್ಕೂ ‘ಹ್ಯಾವ್ ಪೇಯ್ಡ್’, ದಿನಾಂಕ ಕೊಟ್ಟರೆ ‘ಪೇಯ್ಡ್’. ಆದರೆ ತಕರಾರಿನ ಪತ್ರದಲ್ಲಿ ಹ್ಯಾಡ್‌ಗೆ ನಿಜವಾದ ಜಾಗವಿದೆ: “ಯೂ ಚಾರ್ಜ್ಡ್ ಎ ಲೇಟ್ ಫೀ ಆನ್ 12 ಮಾರ್ಚ್, ಬಟ್ ಐ ಹ್ಯಾಡ್ ಪೇಯ್ಡ್ ಆನ್ 8 ಮಾರ್ಚ್.” ನೀವು ದಂಡ ಹಾಕುವಷ್ಟೊತ್ತಿಗಾಗಲೇ ಕಟ್ಟಿಯಾಗಿತ್ತು ಎಂಬ ನಿಮ್ಮ ವಾದದ ಬಲವೆಲ್ಲ ಆ ಹ್ಯಾಡ್‌ನಲ್ಲಿದೆ. ನಮ್ಮ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬೆಂಗಳೂರು, ಮುಂಬೈ ಸೇರಿದವರು ಅನೇಕರು. ಅನುಭವ ಹೇಳುವಾಗ “ಐ ಹ್ಯಾಡ್ ವರ್ಕ್ಡ್ ಇನ್ ಮುಂಬೈ ಫಾರ್ ಫೈವ್ ಇಯರ್ಸ್” ಎಂದು ನಿಲ್ಲಿಸಬೇಡಿ, ‘ವರ್ಕ್ಡ್’ ಸಾಕು. “ಬಿಫೋರ್ ಐ ಜಾಯಿನ್ಡ್ ದಿಸ್ ಕಂಪನಿ ಇನ್ 2020, ಐ ಹ್ಯಾಡ್ ವರ್ಕ್ಡ್ ಇನ್ ಮುಂಬೈ ಫಾರ್ ಫೈವ್ ಇಯರ್ಸ್” ಎಂದರೆ ಮಾತು ಪೂರ್ಣ.

ಭಾರತದಲ್ಲಿ ಒಂಟಿ ಹ್ಯಾಡ್ ಅನ್ನು ಎಲ್ಲರೂ ಅರ್ಥಮಾಡಿಕೊಳ್ಳುತ್ತಾರೆ. ಭಾರತೀಯ ಇಂಗ್ಲಿಷಿನ ಗುರುತುಗಳಲ್ಲಿ ಅದೂ ಒಂದೆಂದು ಭಾಷಾಶಾಸ್ತ್ರಜ್ಞರು ಬರೆದಿದ್ದಾರೆ. ಹಾಗಾಗಿ ಬಾಯಿಮಾತಿನಲ್ಲಿ ಯಾರಾದರೂ “ಐ ಹ್ಯಾಡ್ ಗಾನ್” ಎಂದರೆ ನಡುವೆ ತಡೆದು ತಿದ್ದುವುದು ಬೇಡ, ಅದರಲ್ಲೂ ಈಗಷ್ಟೇ ಧೈರ್ಯ ಮಾಡಿ ಇಂಗ್ಲಿಷ್ ಆಡಲು ಹೊರಟ ಮಗುವನ್ನು. ಪರೀಕ್ಷೆಯ ಉತ್ತರ, ಅರ್ಜಿ, ಒಪ್ಪಂದ, ದೂರು, ವಿದೇಶಕ್ಕೆ ಹೋಗುವವರ ಭಾಷಾ ಪರೀಕ್ಷೆ ಇವುಗಳಲ್ಲಿ ಮಾತ್ರ ಬರೆದದ್ದು ನಮ್ಮ ಪರವಾಗಿ ತಾನೇ ಮಾತಾಡಬೇಕು, ವಿವರಿಸಲು ನಾವು ಎದುರಿಗೆ ಇರುವುದಿಲ್ಲ. ಅಲ್ಲಿ ಸರಿಯಾಗಿರಲಿ.

ಅಭ್ಯಾಸಕ್ಕೆ ದೊಡ್ಡ ಪುಸ್ತಕ ಬೇಡ. ಇಂಗ್ಲಿಷ್ ದಿನಪತ್ರಿಕೆಯ ಒಂದು ಸ್ಥಳೀಯ ಸುದ್ದಿ ತೆಗೆದುಕೊಂಡು ಹ್ಯಾಡ್ ಇರುವ ಕಡೆಯೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪ್ರತಿಯೊಂದು ಹ್ಯಾಡ್‌ಗೂ ಅದು ಯಾವುದಕ್ಕಿಂತ ಮುಂಚೆ ಎಂಬ ಜೊತೆ ಸಂಗತಿಯನ್ನು ಹುಡುಕಿ ಬಾಣ ಹಾಕಿ. ಅಪಘಾತ, ಕಳವು, ನ್ಯಾಯಾಲಯದ ಸುದ್ದಿಗಳು ಇದಕ್ಕೆ ಒಳ್ಳೆಯವು, ಅವು ಕೊನೆಯಿಂದ ಶುರುವಾಗಿ ಹಿಂದಕ್ಕೆ ಹೋಗುತ್ತವೆ. ಕೆಲವು ಹ್ಯಾಡ್‌ಗಳಿಗೆ ಬರೀ ‘ಇತ್ತು’, ‘ಹೊಂದಿದ್ದರು’ ಎಂಬ ಅರ್ಥ ಇರಬಹುದು, ಅವನ್ನು ಬಿಟ್ಟುಬಿಡಿ. ಆಮೇಲೆ ನಿಮ್ಮ ಮನೆಯ ಸಂಗತಿಯೊಂದನ್ನು ಎರಡು ಬಗೆಯಲ್ಲಿ ಬರೆಯಿರಿ: ಒಮ್ಮೆ ನಡೆದ ಕ್ರಮದಲ್ಲಿ, ಹ್ಯಾಡ್ ಇಲ್ಲದೆ, ಇನ್ನೊಮ್ಮೆ ಕೊನೆಯಿಂದ ಹಿಡಿದು, ಹ್ಯಾಡ್ ಬಳಸಿ. ಎರಡೂ ಬಂದರೆ ಈ ಪಾಠ ನಿಮಗೆ ಬಂದಂತೆಯೇ.

ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳ ಇಂಗ್ಲಿಷ್ ಶಿಕ್ಷಕರಲ್ಲಿ ಒಂದು ವಿನಂತಿ. ಮುಂದಿನ ಸಲ ಈ ಪಾಠ ಮಾಡುವಾಗ ಬೋರ್ಡಿನ ಮೇಲೆ ಸೂತ್ರ ಬರೆಯುವ ಮೊದಲು ‘ನಿನ್ನೆ’, ‘ಈಗಾಗಲೇ’, ‘ಅಷ್ಟೊತ್ತಿಗಾಗಲೇ’ ಎಂಬ ಮೂರು ಕನ್ನಡ ಮಾತುಗಳನ್ನು ಬರೆಯಿರಿ. ಮಕ್ಕಳ ಮನೆಯ ‘ಇತ್ತ್’ ಏನು ಹೇಳುತ್ತದೆ ಎಂದು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಇಂಗ್ಲಿಷಿಗೆ ಹೋಗಿ.